ಕ್ವಾರ್ಟರ್ಸ್ ಬಿಟ್ಟವರು ಮಹಡಿ ಹತ್ತಿದ್ದು

ಜಾಲಹಳ್ಳಿಯ ಕಾರ್ಖಾನೆಗಳಲ್ಲಿ 58 ತುಂಬಿದವರು ಎರಡು ಬೀಗದ ಕೈ ಒಪ್ಪಿಸಬೇಕಿತ್ತು: ಒಂದು ಲಾಕರಿನದು, ಇನ್ನೊಂದು ಕ್ವಾರ್ಟರ್ಸಿನದು. ಲಾಕರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕ್ವಾರ್ಟರ್ಸಿನ ಚಿಂತೆ ಮಾತ್ರ ನಿವೃತ್ತಿಗೆ ಎಷ್ಟೋ ವರ್ಷ ಬಾಕಿ ಇರುವಾಗಲೇ ಮನೆಯೊಳಗೆ ಶುರುವಾಗುತ್ತಿತ್ತು. ಮಗಳ ಮದುವೆ ಮೊದಲೋ ಸೈಟು ಮೊದಲೋ, ಪಿಎಫ್ ಸಾಲ ಎಷ್ಟು ಸಿಕ್ಕೀತು, ಊರಿನ ಜಮೀನಿನ ಪಾಲು ಮಾರಿದರೆ ಅಣ್ಣ ಏನಂದಾನು. ಹೆಸರಘಟ್ಟ ರಸ್ತೆಯ ಎರಡೂ ಬದಿಗೆ, ಚಿಕ್ಕಬಾಣಾವರದವರೆಗೂ ಅದರಾಚೆಗೂ ಹಬ್ಬಿರುವ ಮನೆಗಳಲ್ಲಿ ಎಷ್ಟೋ ಎದ್ದು ನಿಂತದ್ದು ಇಂಥ ಲೆಕ್ಕಾಚಾರದ ಮೇಲೆ.

ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಬಿಇಎಲ್ 1954ರಲ್ಲಿ, ಎರಡೂ ಜಾಲಹಳ್ಳಿಯಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ 1961ರಲ್ಲಿ ಶುರುವಾಯಿತು. ಕಾರ್ಖಾನೆಯ ಜೊತೆಗೇ ಕಾಲೊನಿ ಬಂತು. ಶಾಲೆ, ಆಸ್ಪತ್ರೆ, ಆಟದ ಮೈದಾನ, ಮರಗಳ ನೆರಳಿನ ರಸ್ತೆ, ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ. ಮನೆ ಚಿಕ್ಕದೇ ಇರಬಹುದು, ಆದರೆ ಚಾವಣಿ ಸೋರಿದರೆ, ನಲ್ಲಿ ಕೆಟ್ಟರೆ ಎಸ್ಟೇಟ್ ಆಫೀಸಿನ ಪುಸ್ತಕದಲ್ಲಿ ಬರೆದು ಬಂದರಾಯಿತು. ಯಾವಾಗಲೋ ಒಬ್ಬ ಪ್ಲಂಬರ್ ಬರುತ್ತಿದ್ದ. ಮೂವತ್ತು ವರ್ಷ ಹಾಗೆ ಬದುಕಿದವರಿಗೆ ಮನೆಯ ರಿಪೇರಿ ಎಂಬುದು ತಮ್ಮ ತಲೆನೋವೇ ಆಗಿರಲಿಲ್ಲ. ಸಾರ್ವಜನಿಕ ಉದ್ದಿಮೆಯ ಈ ಊರುಗಳನ್ನು ಯೋಜಿಸಿದವರು ಹೆರಿಗೆ ವಾರ್ಡಿನಿಂದ ಹಿಡಿದು ಸಹಕಾರಿ ಅಂಗಡಿಯವರೆಗೆ ಎಲ್ಲವನ್ನೂ ಯೋಚಿಸಿದ್ದರು. ಮುದುಕರು ಎಲ್ಲಿರುತ್ತಾರೆ ಎಂಬುದನ್ನು ಯೋಚಿಸಿರಲಿಲ್ಲ. ಕೆಲಸ ಮಾಡುವ ವಯಸ್ಸಿನವರಿಗಾಗಿ ಕಟ್ಟಿದ ಊರದು.

ಆ ಕಾಲಕ್ಕೆ ಅದು ತಪ್ಪು ಎನಿಸಲೂ ಇಲ್ಲ. ನಿವೃತ್ತರು ಹಳ್ಳಿಗೆ ಹಿಂತಿರುಗುತ್ತಾರೆ, ಇಲ್ಲವೇ ಮಗನ ಮನೆಯಲ್ಲಿರುತ್ತಾರೆ ಎಂಬುದು ಎಲ್ಲರ ನಂಬಿಕೆ. ನಗರದ ಬಡ ಮುದುಕರು ವಠಾರಗಳಲ್ಲಿದ್ದರು. ಒಂದೇ ಅಂಗಳ, ಒಂದೇ ನಲ್ಲಿ, ಸಾಲು ಕಕ್ಕಸು. ಖಾಸಗಿತನ ಎಂಬುದೇ ಇಲ್ಲ, ಆದರೆ ಅಜ್ಜಿ ಬೆಳಿಗ್ಗೆ ಬಾಗಿಲು ತೆಗೆಯದಿದ್ದರೆ ಎಂಟು ಗಂಟೆಯೊಳಗೆ ಹತ್ತು ಜನಕ್ಕೆ ಗೊತ್ತಾಗುತ್ತಿತ್ತು. ಯಾರೂ ಇಲ್ಲದವರಿಗೆ ಧರ್ಮಸಂಸ್ಥೆಗಳಿದ್ದವು. ಫ್ರಾನ್ಸಿನಲ್ಲಿ ಹುಟ್ಟಿದ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಕ್ರೈಸ್ತ ಸನ್ಯಾಸಿನಿಯರ ಸಂಘ ಬೆಂಗಳೂರಿನಲ್ಲಿ ವೃದ್ಧರ ಮನೆಯನ್ನು ತೆರೆದದ್ದು 1900ರಲ್ಲಿ, ಪ್ಲೇಗು ಬಂದು ಹೋದ ಬೆನ್ನಿಗೆ. ಅಲ್ಲಿಂದ ಬಹುಕಾಲ ಈ ನಗರದಲ್ಲಿ ಮುಪ್ಪಿಗೆಂದೇ ಕಟ್ಟಿದ ಮನೆ ಎಂದರೆ ದಾನದಿಂದ ನಡೆಯುವ ಮನೆ. ಅಲ್ಲಿಗೆ ಹೋಗುವುದೆಂದರೆ ಮಕ್ಕಳ ಮರ್ಯಾದೆ ಹೋದಂತೆ. ಆ ಅಂಜಿಕೆ ಇವತ್ತಿಗೂ ಪೂರ್ತಿ ಅಳಿದಿಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಹಿರಿಯರ ಅಪಾರ್ಟ್‌ಮೆಂಟ್ ಸೇರಿದವರು ಕೂಡ ನೆಂಟರಿಗೆ ‘ಇದು ವೃದ್ಧಾಶ್ರಮ ಅಲ್ಲ’ ಎಂದು ಮೊದಲೇ ಹೇಳಿಬಿಡುತ್ತಾರೆ.

ಕ್ವಾರ್ಟರ್ಸ್ ಬಿಟ್ಟವರು ಹೋಗಬೇಕಿದ್ದುದು ಸೈಟಿಗೆ. ಕಾರ್ಖಾನೆಗೊಂದು ಗೃಹ ನಿರ್ಮಾಣ ಸಹಕಾರ ಸಂಘ ಇತ್ತು. ತಿಂಗಳು ತಿಂಗಳು ಕಂತು ಕಟ್ಟಿ, ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಹುಡುಕಿ, ಸರ್ವಸದಸ್ಯರ ಸಭೆಯಲ್ಲಿ ಕೂಗಾಡಿ ಬರುವುದು ಎಂಬತ್ತರ ದಶಕದ ಬೆಂಗಳೂರಿನ ಒಂದು ಸಂಸ್ಕೃತಿಯೇ ಆಗಿತ್ತು. ವಿದ್ಯಾರಣ್ಯಪುರದ ಬಿಇಎಲ್ ಲೇಔಟಿನಂತೆ ಕೆಲವು ಸಂಘಗಳ ಬಡಾವಣೆಗಳು ನಿಜಕ್ಕೂ ನಿಂತವು. ಕೆಲವು ನ್ಯಾಯಾಲಯದಲ್ಲಿ ಬಿದ್ದವು. ಎಚ್‌ಎಂಟಿ ನೌಕರರ ಸಂಘಕ್ಕಾಗಿ ಸರ್ಕಾರ ಮಾಡಿದ್ದ ಭೂಸ್ವಾಧೀನವನ್ನು 1995ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಸ್ವಾಧೀನದ ಕೆಲಸ ಮಾಡಿಸಿಕೊಡಲು ಮಧ್ಯವರ್ತಿ ಸಂಸ್ಥೆಯೊಂದಕ್ಕೆ ದುಡ್ಡು ಗೊತ್ತುಮಾಡಿದ್ದ ಒಪ್ಪಂದ ಆ ತೀರ್ಪಿನಲ್ಲಿ ಬಯಲಾಗಿದೆ. ಜಮೀನು ಉಳಿಸಿಕೊಂಡ ರೈತನಿಗೆ ಅದು ನ್ಯಾಯ. ಸೈಟಿನ ಆಸೆಯಲ್ಲಿ ಕಂತು ಕಟ್ಟುತ್ತ ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದ ಕಾರ್ಮಿಕನಿಗೆ? ಭೂಸ್ವಾಧೀನದ ಇತಿಹಾಸ ಬರೆಯುವವರು ಈ ಎರಡನೆಯವನನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಸಂಘದಲ್ಲಿ ಸಿಗದವರು, ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ದುಡಿದು ಸಂಘವೇ ಇಲ್ಲದವರು ರೆವಿನ್ಯೂ ಸೈಟಿನತ್ತ ತಿರುಗಿದರು. ರೈತನ ಹೊಲ, ದಲ್ಲಾಳಿಯ ಸುಣ್ಣದ ಗೆರೆ, ಪಂಚಾಯತಿಯ ಖಾತೆ. ತರ್ಟಿ-ಫಾರ್ಟಿ ಅಡಿಯ ಸೈಟು ಕೈಗೆಟುಕದಿದ್ದರೆ ಟ್ವೆಂಟಿ-ತರ್ಟಿ.

ಚಿಕ್ಕಬಾಣಾವರ ಈ ಕತೆಯೊಳಗೆ ಬರುವುದು ಹೀಗೆ. ಊರಿನ ಮೇಲೆ ಹಾದುಹೋಗುವ ಬೆಂಗಳೂರು–ತುಮಕೂರು ರೈಲು ಹಾದಿ 1880ರ ದಶಕದ್ದು. ಹಾಗಾಗಿ ಇದು ಮೊದಲಿನಿಂದಲೂ ಹೊರಗಿನವರಿಗೆ ಗೊತ್ತಿದ್ದ ಹಳ್ಳಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಸ್ಟೇಷನ್ನು. ಯಶವಂತಪುರಕ್ಕೆ ರೈಲು, ಜಾಲಹಳ್ಳಿ ಕ್ರಾಸಿಗೆ ಬಸ್ಸು. 2007ರಲ್ಲಿ ದಾಸರಹಳ್ಳಿ ನಗರಸಭೆಯೂ 110 ಹಳ್ಳಿಗಳೂ ಬಿಬಿಎಂಪಿಗೆ ಸೇರಿದಾಗ ಈ ಊರು ಹೊರಗೇ ಉಳಿಯಿತು. ಪಂಚಾಯತಿ ಹೋಗಿ ಪುರಸಭೆ ಬಂದದ್ದು ಈಚಿನ ಮಾತು. ನಗರದ ಗೆರೆಯ ಹೊರಗಿದ್ದುದರಿಂದಲೇ ಸೈಟು ಅಗ್ಗವಿತ್ತು. ಅಗ್ಗವಾಗಿದ್ದುದರಿಂದಲೇ ನಿವೃತ್ತರು ಬಂದರು. ಚರಂಡಿ, ಕಾವೇರಿ ನೀರು, ಬೀದಿದೀಪಗಳಿಗೆ ಕಾಯಬೇಕಾದದ್ದೂ ಅದೇ ಗೆರೆಯ ದೆಸೆಯಿಂದ.

ಸೈಟಿನ ಮೇಲೆ ಎದ್ದ ಮನೆಗೆ ಒಂದು ಗೊತ್ತಾದ ಆಯುಷ್ಯವಿತ್ತು. ಗ್ರಾಚ್ಯುಟಿ ಹಣದಲ್ಲಿ ನೆಲಮಹಡಿ. ಮಗನ ಕೆಲಸ ಆದಮೇಲೆ ಮೊದಲ ಮಹಡಿ. ಹೆಸರಘಟ್ಟ ರಸ್ತೆಯಲ್ಲಿ ಆಚಾರ್ಯದಂಥ ಕಾಲೇಜುಗಳು ಬಂದು ಬಾಡಿಗೆಯ ಹುಡುಗರು ಹೆಚ್ಚಿದ ಮೇಲೆ ಎರಡನೆಯದು, ಅದರ ಮೇಲೊಂದು ಶೀಟಿನ ರೂಮು. ಕೆಳಗಿನ ಮನೆಗೆ ಬಾಡಿಗೆ ಹೆಚ್ಚು, ಅಂಗಡಿ ಮಾಡಿದರೆ ಇನ್ನೂ ಹೆಚ್ಚು. ಆದ್ದರಿಂದ ಓನರ್ ದಂಪತಿ ಮೇಲಕ್ಕೆ ಹೋಗುತ್ತಿದ್ದರು. ಮಂಡಿ ಸವೆಯುವ ವಯಸ್ಸಿನಲ್ಲಿ, ಒಂದೊಂದೇ ಮಹಡಿ ಮೇಲಕ್ಕೆ.

ದುರಾಸೆ ಎಂದು ನಗುವಂತಿಲ್ಲ, ಪಿಂಚಣಿಯ ಲೆಕ್ಕವೇ ಹಾಗಿತ್ತು. ಕಾರ್ಖಾನೆ ಕಾರ್ಮಿಕರಿಗೆ ಸರ್ಕಾರಿ ನೌಕರರಂಥ ಪಿಂಚಣಿಯಿಲ್ಲ. 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ (ಇಪಿಎಸ್) ಸಂಬಳದ ಒಂದು ಮಿತಿಯವರೆಗೆ ಮಾತ್ರ ಲೆಕ್ಕ. ಆ ಮಿತಿ 2014ರವರೆಗೂ 6,500 ರೂಪಾಯಿ ದಾಟಿರಲಿಲ್ಲ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಇಪ್ಪತ್ತು ವರ್ಷ ದುಡಿದವನಿಗೆ ಬರುವುದು ತಿಂಗಳಿಗೆ ಹೆಚ್ಚುಕಡಿಮೆ 2,000. ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ನಿಗದಿಯಾದದ್ದೇ 2014ರ ಸೆಪ್ಟೆಂಬರಿನಲ್ಲಿ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು; ಅದಕ್ಕೂ ಬಹಳ ಮೊದಲೇ ವಿಆರ್‌ಎಸ್ ತೆಗೆದುಕೊಂಡು ಎಷ್ಟೋ ಜನ ಮನೆ ಸೇರಿದ್ದರು. ಇಂಥವರಿಗೆ ಕೆಳಗಿನ ಮನೆಯ ಬಾಡಿಗೆಯೇ ಪಿಂಚಣಿ. ಇಎಸ್‌ಐ ಚಂದಾದಾರರಾಗಿದ್ದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ನಿವೃತ್ತಿಯ ನಂತರವೂ ಗಂಡ ಹೆಂಡತಿಗೆ ಚಿಕಿತ್ಸೆ ಸಿಗುತ್ತದೆ. ಈ ವಿಷಯ ಗೊತ್ತಿರುವವರು, ಗೊತ್ತಿಲ್ಲದವರು ಎಂದು ಪೀಣ್ಯದ ಸುತ್ತಲಿನ ಮುಪ್ಪನ್ನೇ ಎರಡು ಭಾಗ ಮಾಡಬಹುದು.

ಮನೆ ಯಾರ ಹೆಸರಲ್ಲಿದೆ ಎಂಬುದು ಇನ್ನೊಂದು ಪ್ರಶ್ನೆ. ಬೆಂಗಳೂರು ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ 1090 ಎಂಬ ಹಿರಿಯರ ಸಹಾಯವಾಣಿ ಶುರುಮಾಡಿದಾಗ ಹೊರಗಿನ ಕಳ್ಳಕಾಕರ ಭಯಕ್ಕಿಂತ ಮನೆಯೊಳಗಿನ ಜಗಳದ ದೂರುಗಳು ಅದಕ್ಕೆ ಮುಖ್ಯ ಕೆಲಸವಾದವು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಉಪವಿಭಾಗಾಧಿಕಾರಿಯ ಮಟ್ಟದಲ್ಲೇ ನ್ಯಾಯಮಂಡಳಿ ಕೊಟ್ಟಿತು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂಪಡೆಯುವ ಅವಕಾಶ ಅದರ 23ನೇ ಕಲಮಿನಲ್ಲಿದೆ. ಆದರೆ ಒಂದು ಮನೆಯಲ್ಲಿ ನಿರ್ಗತಿಕರು ಒಬ್ಬರೇ ಇರುವುದಿಲ್ಲ. 2020ರ ಡಿಸೆಂಬರಿನಲ್ಲಿ ಬೆಂಗಳೂರಿನದೇ ಪ್ರಕರಣವೊಂದರಲ್ಲಿ, ಹಿರಿಯರ ಕಾಯ್ದೆ ಹಿಡಿದು ಸೊಸೆಯ ವಾಸದ ಹಕ್ಕನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇಷ್ಟರ ನಡುವೆ ಅಪಾರ್ಟ್‌ಮೆಂಟುಗಳು ಬಂದವು. ಕರ್ನಾಟಕದಲ್ಲಿ ಫ್ಲ್ಯಾಟುಗಳ ಒಡೆತನದ ಕಾಯ್ದೆಗಳು ಬಂದದ್ದು 1972ರಲ್ಲೇ; ತುಮಕೂರು ರಸ್ತೆ, ಹೆಸರಘಟ್ಟ ರಸ್ತೆಗಳಲ್ಲಿ ಅವುಗಳಿಗೆ ಕೆಲಸ ಬಿದ್ದದ್ದು ಬಹಳ ತಡವಾಗಿ. ಬಿಡಿಎ, ಗೃಹಮಂಡಳಿಗಳು ಕಟ್ಟಿದ ಹಳೆಯ ಫ್ಲ್ಯಾಟುಗಳಿಗೆ ಲಿಫ್ಟೇ ಇರಲಿಲ್ಲ. ಮೂರು ಮಹಡಿ ಹತ್ತಲು ಏನು ಕಷ್ಟ ಎಂದು ನಲವತ್ತರ ವಯಸ್ಸಿನಲ್ಲಿ ಕೊಂಡವರು ಎಪ್ಪತ್ತರಲ್ಲಿ ಔಷಧಿ ತರಿಸಲು ಮೇಲಿನಿಂದ ಚೀಲ ಕಟ್ಟಿದ ಹಗ್ಗ ಇಳಿಬಿಡತೊಡಗಿದರು. ಸಿಂಗಪುರದಲ್ಲೂ ಇದೇ ತೊಂದರೆ ಇತ್ತು: ಸರ್ಕಾರಿ ವಸತಿಯ ಹಳೆಯ ಕಟ್ಟಡಗಳಲ್ಲಿ ಲಿಫ್ಟು ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು. ಅಲ್ಲಿನ ವಸತಿ ಮಂಡಳಿ 2001ರಲ್ಲಿ ಯೋಜನೆ ಹಾಕಿಕೊಂಡು ಪ್ರತಿ ಮಹಡಿಗೂ ಲಿಫ್ಟು ನಿಲ್ಲುವಂತೆ ಮಾಡುತ್ತ ಬಂತು. ಇಲ್ಲಿ ಹೊಸ ಲಿಫ್ಟು ಬೇಕೆಂದರೆ ಮಾಲೀಕರೆಲ್ಲ ಒಪ್ಪಿ ದುಡ್ಡು ಹಾಕಬೇಕು. ನೆಲಮಹಡಿಯವರು ಏಕೆ ಹಾಕುತ್ತಾರೆ?

ಖಾಸಗಿ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ಇದೆ, ಜನರೇಟರ್ ಇದೆ, ಗೇಟಿನಲ್ಲಿ ಸೆಕ್ಯುರಿಟಿ ಇದ್ದಾನೆ. ತರ್ಟಿ-ಫಾರ್ಟಿ ಮನೆಯನ್ನು ಮಾರಿ ಮಗನ ಫ್ಲ್ಯಾಟಿಗೆ ಹೋದವರು ಮೊದಲು ಹೇಳುವುದು ಅದನ್ನೇ: ಬಾಗಿಲು ಎಳೆದುಕೊಂಡು ಊರಿಗೆ ಹೋಗಬಹುದು. ಎರಡನೆಯ ಮಾತು ಸ್ವಲ್ಪ ದಿನ ಕಳೆದು ಬರುತ್ತದೆ. ಜಗಲಿಯಿಲ್ಲ. ತರಕಾರಿ ಗಾಡಿಯವನು ಗೇಟಿನಾಚೆ. ಎದುರು ಮನೆಯವರ ಹೆಸರು ಗೊತ್ತಾಗಲು ವರ್ಷ ಬೇಕು. ಬಾತ್‌ರೂಮಿನ ನುಣುಪು ಟೈಲ್ಸ್ ಬಿಲ್ಡರಿನ ಫೋಟೋದಲ್ಲಿ ಚಂದ, ಒದ್ದೆ ಕಾಲಿಗೆ ಅಪಾಯ. ಮತ್ತೆ ಮೇಂಟೆನೆನ್ಸ್. ಎಸ್ಟೇಟ್ ಆಫೀಸಿನ ಪುಸ್ತಕದಲ್ಲಿ ಬರೆದು ಬರುತ್ತಿದ್ದ ಮನುಷ್ಯ ಈಗ ಅಸೋಸಿಯೇಷನ್ ಸಭೆಯಲ್ಲಿ ಚದರಡಿಗೆ ಎಷ್ಟು ಎಂದು ವಾದಿಸಬೇಕು. ಸ್ವಾರಸ್ಯವೆಂದರೆ ಅನೇಕ ಅಸೋಸಿಯೇಷನ್ನುಗಳು ನಡೆಯುತ್ತಿರುವುದೇ ನಿವೃತ್ತರಿಂದ. ಸಂಪಿನ ಮಟ್ಟ ನೋಡುವುದು, ಡೀಸೆಲ್ ಲೆಕ್ಕ ಬರೆಯುವುದು, ಲಿಫ್ಟ್ ಕಂಪನಿಗೆ ಮೂರನೇ ಸಲ ಫೋನ್ ಮಾಡುವುದು. ಸಾಫ್ಟ್‌ವೇರ್ ಮಕ್ಕಳಿಗೆ ಪುರುಸೊತ್ತಿಲ್ಲದ ಈ ಕೆಲಸಗಳನ್ನು ಮಾಜಿ ಫೋರ್‌ಮನ್‌ಗಳು, ಬ್ಯಾಂಕಿನಿಂದ ನಿವೃತ್ತರಾದವರು ಸಂಬಳವಿಲ್ಲದೆ ಮಾಡುತ್ತಾರೆ, ಬೈಸಿಕೊಳ್ಳುತ್ತಾರೆ ಕೂಡ.

ಹಿರಿಯರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟಿನ ಕಲ್ಪನೆ ಬೇರೆ ದಾರಿಯಿಂದ ಬಂತು. ಅಮೆರಿಕದ ಅರಿಜೋನಾದಲ್ಲಿ ಡೆಲ್ ವೆಬ್ ಎಂಬ ಬಿಲ್ಡರ್ 1960ರ ಜನವರಿ 1ರಂದು ‘ಸನ್ ಸಿಟಿ’ ತೆರೆದ: ನಿವೃತ್ತರ ಊರು, ಗಾಲ್ಫ್ ಮೈದಾನ, ಕ್ಲಬ್ಬು. ಭಾರತದಲ್ಲಿ ಅದರ ಹತ್ತಿರದ ಪ್ರಯೋಗಗಳು 2000ದ ಆಸುಪಾಸಿನಲ್ಲಿ ಪುಣೆಯ ‘ಅಥಶ್ರೀ’ಯಿಂದ, ಆಮೇಲೆ ಕೊಯಮತ್ತೂರಿನಿಂದ ಕಂಡುಬಂದವು. ಮಕ್ಕಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಊರುಗಳೇ ಇವು ಎಂಬುದು ಆಕಸ್ಮಿಕವಲ್ಲ. ಬೆಂಗಳೂರಿಗೆ ಬಂದಾಗಲೂ ಇವು ನಗರದ ಅಂಚನ್ನೇ ಹಿಡಿದವು. ವೈಟ್‌ಫೀಲ್ಡಿನಲ್ಲಿ ಅಥಶ್ರೀ, ದೇವನಹಳ್ಳಿಯ ಬ್ರಿಗೇಡ್ ಆರ್ಚರ್ಡ್ಸ್‌ನಲ್ಲಿ ಪಾರ್ಕ್‌ಸೈಡ್, ಕನಕಪುರ ರಸ್ತೆಯ ಕಡೆ ವೈದ್ಯರ ಗುಂಪೊಂದು ಮುಂದೆ ನಿಂತು ಕಟ್ಟಿದ ಸುವಿಧಾ. ಮಗ ಬರುವುದು ವಿಮಾನದಲ್ಲಿ. ದೇವನಹಳ್ಳಿಗೆ ಹಿರಿಯರು ಹೋದದ್ದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಇಂಥ ಜಾಗಗಳ ಒಳಗಿನ ಬದುಕು ಹೊರಗಿನವರು ಊಹಿಸುವಷ್ಟು ಬೇಸರದ್ದಲ್ಲ. ಅಡುಗೆಯ ಗೊಡವೆ ಬಿಟ್ಟ ಹೆಂಗಸರು ಎಪ್ಪತ್ತರಲ್ಲಿ ಮೊದಲ ಬಾರಿಗೆ ಮಧ್ಯಾಹ್ನಗಳನ್ನು ಕಂಡಿದ್ದಾರೆ: ಭಜನೆ, ಸುಡೊಕು, ಚೌಕಾಬಾರ, ಯಾರದೋ ಮೊಮ್ಮಗಳ ವಿಡಿಯೊ ಕಾಲ್. ಮಂಚದ ಪಕ್ಕ, ಬಚ್ಚಲಲ್ಲಿ ತುರ್ತು ಗಂಟೆಯ ಗುಂಡಿ ಇರುತ್ತದೆ. ಒತ್ತಿದರೆ ಯಾರೋ ಬರುತ್ತಾರೆ ಎಂಬ ಧೈರ್ಯಕ್ಕೆ ಬೆಲೆ ಕಟ್ಟುವುದು ಕಷ್ಟ. ದೂರುಗಳು ಬೇರೆ ಬಗೆಯವು. ಮೊದಲನೆಯದು ಎಲ್ಲೆಲ್ಲೂ ಊಟದ್ದು. ಸಾರು ನೀರಾಯಿತು, ಅನ್ನ ಬಿರುಸಾಯಿತು, ಚಪಾತಿ ಚರ್ಮವಾಯಿತು. ಹೋಟೆಲ್ ಊಟ ವಾರಕ್ಕೊಮ್ಮೆ ರುಚಿ, ಮೂರು ಹೊತ್ತೂ ಅದೇ ಕೈಯ ಅಡುಗೆ ಎಂದರೆ ಜಗಳ ಸಹಜ. ಎರಡನೆಯದು ಆಳವಾದದ್ದು: ಮನೆ ತನ್ನದು, ಸೇವೆ ಕಂಪನಿಯದು. ನಡೆಸುವ ಕಂಪನಿ ಬದಲಾದರೆ ನರ್ಸು, ದರ, ನಿಯಮ ಎಲ್ಲವೂ ಬದಲಾಗುತ್ತದೆ. ನಿವಾಸಿಯ ವಯಸ್ಸೂ ನಿಂತಲ್ಲಿ ನಿಲ್ಲುವುದಿಲ್ಲ. ನಡೆದಾಡುತ್ತ ಸೇರಿದವರಿಗೆ ಐದಾರು ವರ್ಷದಲ್ಲಿ ಸ್ನಾನಕ್ಕೂ ಒಬ್ಬರ ನೆರವು ಬೇಕಾಗುತ್ತದೆ. ಅದರ ದರ ಬೇರೆ. ಮರೆವಿನ ಕಾಯಿಲೆ ಬಂದರೆ ಅಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಫ್ಲ್ಯಾಟು ಕೊಳ್ಳುವ ದಿನ ಯಾರೂ ಕೇಳುವುದಿಲ್ಲ, ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿದ್ದರೂ.

ತಿಂಗಳ ಬಿಲ್ಲಿನ ಮೇಲೆ ತೆರಿಗೆಯೂ ಕೂರುತ್ತದೆ. ಅಸೋಸಿಯೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಒಂದು ಫ್ಲ್ಯಾಟಿನ ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ಮೀರಿದರೆ ಶೇಕಡಾ 18 ಜಿಎಸ್‌ಟಿ. ಈಜುಕೊಳವಿರುವ ಐಷಾರಾಮಿ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಗೆರೆ ಇದ್ದೀತು. ಸೇವೆಗಳೇ ಮುಖ್ಯವಾದ ಹಿರಿಯರ ಕಟ್ಟಡಗಳು ಅದನ್ನು ಸುಲಭವಾಗಿ ದಾಟುತ್ತವೆ. ಇನ್ನು ನಿಯಮಗಳು. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಗಾಲಿಕುರ್ಚಿ ತಿರುಗುವ ಬಾಗಿಲು, ಜಾರದ ನೆಲ, ಹಿಡಿಕೆಗಳು, ಸ್ಟ್ರೆಚರ್ ಹಿಡಿಸುವ ಲಿಫ್ಟು, ಬಿಲ್ಡರ್–ನಿವಾಸಿ–ಸೇವೆ ಕೊಡುವ ಸಂಸ್ಥೆ ಮೂವರೂ ಸಹಿ ಹಾಕುವ ಕರಾರು. ಒಳ್ಳೆಯ ಪಟ್ಟಿ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಬಲ. ಅದೂ ನಿವೃತ್ತರ ಮನೆ ಎಂದು ಹೆಸರಿಟ್ಟು ಮಾರುವ ಕಟ್ಟಡಗಳಿಗೆ. ಚಿಕ್ಕಬಾಣಾವರದಂಥ ಕಡೆ ಹಿರಿಯರು ಇರುವುದು ಮಾಮೂಲಿ ಫ್ಲ್ಯಾಟುಗಳಲ್ಲಿ, ಬಾಡಿಗೆ ಮನೆಗಳ ಮೇಲಿನ ಮಹಡಿಗಳಲ್ಲಿ. ಅವರ ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಸುತ್ತದೆಯೇ ಎಂದು ಅಳೆದು ನೋಡುವ ಇಲಾಖೆ ಯಾವುದೂ ಇಲ್ಲ. ಆಂಬ್ಯುಲೆನ್ಸಿನ ಹುಡುಗರು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ.

ನೀರಿನ ವಿಷಯಕ್ಕೆ ಬಂದರೆ ಈ ಸೀಮೆಯ ಇತಿಹಾಸಕ್ಕೆ ಒಂದು ವ್ಯಂಗ್ಯವಿದೆ. ಬೆಂಗಳೂರಿಗೆ ಮೊದಲ ಆಧುನಿಕ ನೀರು ಸರಬರಾಜು ಆದದ್ದೇ ಇಲ್ಲಿಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ಕಟ್ಟಿದರು. ಚಿಕ್ಕಬಾಣಾವರದ ಪಕ್ಕದ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಪಂಪುಗಳನ್ನಿಟ್ಟು ನೀರನ್ನು ಮಲ್ಲೇಶ್ವರದ ಕಡೆಗೆ ಎತ್ತಿ ಕಳಿಸಿದರು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಬಂದಮೇಲೆ ನಗರ ಹೆಸರಘಟ್ಟವನ್ನು ಮರೆಯುತ್ತ ಹೋಯಿತು. ನೀರು ಕಳಿಸಿದ ಊರಿನ ಸುತ್ತಲಿನವರು ಬೋರ್‌ವೆಲ್ಲಿಗೆ ಜೋತುಬಿದ್ದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ನಗರವೆಲ್ಲ ಟ್ಯಾಂಕರಿಗೆ ಮುಗಿಬಿದ್ದಾಗ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಅದರ ಗುರಿ 2007ರಲ್ಲಿ ಸೇರಿದ ಆ 110 ಹಳ್ಳಿಗಳು. ನೀರಿಲ್ಲದ ಬೇಸಿಗೆ ಎಲ್ಲರಿಗೂ ಕಷ್ಟವೇ. ತುಂಬಿದ ಬಕೆಟ್ ಎತ್ತಲಾರದವರಿಗೆ, ರಾತ್ರಿ ನಾಲ್ಕು ಸಲ ಎದ್ದು ಹೋಗಬೇಕಾದವರಿಗೆ ಅದರ ತೂಕವೇ ಬೇರೆ. ನೀರು ಕಮ್ಮಿ ಕುಡಿದರೆ ಕಮ್ಮಿ ಏಳಬಹುದೆಂದು ಲೆಕ್ಕ ಹಾಕುವವರೂ ಇದ್ದಾರೆ.

ಕೋವಿಡ್ ಈ ಎಲ್ಲವನ್ನೂ ಗೇಟಿನೊಳಗೆ ಕೂಡಿಹಾಕಿತು. 65 ದಾಟಿದವರು ಹೊರಗೆ ಬರಬೇಡಿ ಎಂಬ ಸೂಚನೆ ಸಡಿಲವಾದ ಮೇಲೂ ಕೆಲವು ಮನೆಗಳಲ್ಲಿ ಅಭ್ಯಾಸವಾಗಿ ಉಳಿದುಕೊಂಡಿತು. 2020ರ ಮಾರ್ಚಿನಲ್ಲಿ ರೈಲ್ವೆ ನಿಲ್ಲಿಸಿದ ಹಿರಿಯ ನಾಗರಿಕರ ರಿಯಾಯಿತಿ, ಗಂಡಸರಿಗೆ ಶೇಕಡಾ 40, ಹೆಂಗಸರಿಗೆ 50, ಆಮೇಲೆ ಮರಳಲಿಲ್ಲ. ಚಿಕ್ಕಬಾಣಾವರದಿಂದ ಕವಲೊಡೆಯುವ ಹಾದಿಯಲ್ಲಿ 2017ರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲು ಓಡುತ್ತಿದೆ. ಈ ಭಾಗದ ನಿವೃತ್ತರಲ್ಲಿ ಆ ಕಡೆಯ ಹಳ್ಳಿಗಳಿಂದ ಬಂದವರು ಬಹಳ ಜನ. ಊರಿನ ಜಾತ್ರೆಗೆ ನೇರ ರೈಲು ಸಿಕ್ಕಿದ ಖುಷಿ ರಿಯಾಯಿತಿಯೊಂದಿಗೆ ಮೂರೇ ವರ್ಷ. ಹೆಂಗಸರ ಪಾಲಿಗೆ 2023ರ ಜೂನಿನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂತು. ಟಿಕೆಟ್ಟಿಗೆ ಮಗನ ಹತ್ತಿರ ಕೈಯೊಡ್ಡದೆ ಯಶವಂತಪುರದ ಮಾರುಕಟ್ಟೆಗೆ, ಮಲ್ಲೇಶ್ವರದ ತಂಗಿಯ ಮನೆಗೆ ಹೋಗಿಬರುವ ಅಜ್ಜಿಯರನ್ನು ಮಧ್ಯಾಹ್ನದ ಬಸ್ಸುಗಳಲ್ಲಿ ನೋಡಬಹುದು. ಅಜ್ಜಂದಿರು ಮನೆಯಲ್ಲಿ ಟಿವಿ ಮುಂದೆ.

ಉಪನಗರ ರೈಲಿನ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯ ಕಡೆಯಿಂದ ಬಂದು ಚಿಕ್ಕಬಾಣಾವರದಲ್ಲಿ ಕೊನೆಯಾಗಬೇಕು, ಸುಮಾರು 25 ಕಿಲೋಮೀಟರ್. ಬೆಂಗಳೂರಿಗೆ ಇಂಥ ರೈಲು ಬೇಕೆಂಬ ಮಾತು ಮೊದಲು ಕೇಳಿಬಂದದ್ದು 1983ರಲ್ಲಿ. ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್ 20ರಂದು. 40 ವರ್ಷದಲ್ಲಿ ಆಗದ್ದನ್ನು 40 ತಿಂಗಳಲ್ಲಿ ಮಾಡುತ್ತೇವೆ ಎಂಬ ಭರವಸೆಯೂ ಅಂದೇ ಸಿಕ್ಕಿತು. 40 ತಿಂಗಳು 2025ರ ಅಕ್ಟೋಬರಿಗೆ ತುಂಬಿದವು, ಮಲ್ಲಿಗೆ ಮಾರ್ಗದಲ್ಲಿ ರೈಲು ಓಡಿರಲಿಲ್ಲ. 1983ರಲ್ಲಿ ಮೂವತ್ತೈದರ ವಯಸ್ಸಿನಲ್ಲಿ ಸೆಕೆಂಡ್ ಶಿಫ್ಟಿಗೆ ಸೈಕಲ್ ತುಳಿಯುತ್ತಿದ್ದವರಿಗೆ ಆಗ ಎಪ್ಪತ್ತೇಳು.